ಎಲ್ಫ್‌ಗಳಿಗೆ ಸಲ್ಲದ ಆಕಾಶ

ಫ್ಯಾಂಟಸಿ ಲೋಕದ ಕುಲಗಳಲ್ಲಿ ಬಾಹ್ಯಾಕಾಶ ಯಾನಕ್ಕೆ ಯಾರು ಯೋಗ್ಯರು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಎಲ್ಫ್‌ಗಳು. ಅವರಿಗೆ ಮುಪ್ಪಿಲ್ಲ, ಕಣ್ಣು ಚುರುಕು, ನಡೆ ಹಗುರ. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುವ ವಾಯೇಜರ್-1 ನೌಕೆಗೂ ಅತಿ ಹತ್ತಿರದ ನಕ್ಷತ್ರದಷ್ಟು ದೂರ ಸಾಗಲು 70 ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಹಾಗಿರುವಾಗ ಚಿರಾಯುಗಳಲ್ಲದೆ ಇನ್ನಾರು ಹೋದಾರು ಎಂಬುದು ವಾದ. 1989ರಲ್ಲಿ ಟಿಎಸ್‌ಆರ್ ಸಂಸ್ಥೆ ಹೊರತಂದ, ಜೆಫ್ ಗ್ರಬ್ ರೂಪಿಸಿದ ‘ಸ್ಪೆಲ್‌ಜ್ಯಾಮರ್’ ಈ ಕೀರ್ತಿಗೆ ಮುದ್ರೆಯೊತ್ತಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಆಕಾಶಕ್ಕೇರಿಸಿದ ಅದರಲ್ಲಿ ಸಾಮ್ರಾಜ್ಯದ ನೌಕಾಪಡೆ ಎಲ್ಫ್‌ಗಳದ್ದೇ. ಚಿಟ್ಟೆಯ ರೆಕ್ಕೆ ಹೊತ್ತ, ಗಿಡವಾಗಿ ಬೆಳೆಸಿದ ಹಡಗುಗಳು ಅವರವು. ಡ್ವಾರ್ಫ್‌ಗಳ ಪಾಲಿಗೆ ಬಂದದ್ದು ಒಳಗೆ ಕೊರೆದ ಬಂಡೆಗುಡ್ಡ.

ಆ ಬಂಡೆಗುಡ್ಡವೇ ಸರಿಯಾದ ನೌಕೆ.

ದೀರ್ಘಾಯುಷ್ಯದ ವಾದ ಯಾನವನ್ನು ಬರಿಯ ಕಾಯುವಿಕೆ ಎಂದುಕೊಂಡಿದೆ. ಮುಚ್ಚಿದ ಗೋಡೆಗಳ ನಡುವೆ ಬಾಳುವುದು, ಆ ಗೋಡೆಗಳನ್ನು ದಿನವೂ ಕಾಪಾಡುವುದು ಅದಕ್ಕಿಂತ ಕಠಿಣ ಕೆಲಸ. ಟೋಲ್ಕಿನ್ನರ ಎಲ್ಫ್‌ಗಳ ಮನಸ್ಸು ಎಂಥದ್ದೆಂಬುದು ಓದುಗರಿಗೆ ಗೊತ್ತೇ ಇದೆ. ಫೆಯನೋರ್‌ನನ್ನು ಹೆತ್ತ ಮೀರಿಯೆಲ್ ಬದುಕೇ ಸಾಕಾಗಿ ದೇಹ ತೊರೆಯುತ್ತಾಳೆ. ಪೆಲಾರ್ಗಿರ್‌ನಲ್ಲಿ ಕಡಲಹಕ್ಕಿಗಳ ಕೂಗು ಕೇಳಿದ ಲೆಗೊಲಾಸ್‌ಗೆ ಆಮೇಲೆ ಕಾಡಿನಲ್ಲಿ ನೆಮ್ಮದಿಯೇ ಇಲ್ಲ. ಕಳೆದುಹೋದುದಕ್ಕಾಗಿ ಇಷ್ಟು ಹಂಬಲಿಸುವವರನ್ನು ಕಿಟಕಿಯಾಚೆ ಕತ್ತಲೆಯಷ್ಟೇ ಇರುವ ಡಬ್ಬಿಯೊಳಗೆ ಸಾವಿರ ವರ್ಷ ಕೂರಿಸುವುದು ಕ್ರೌರ್ಯ. ಗಾತ್ರ ಚಿಕ್ಕದೆಂದು ಹಾಬಿಟ್‌ಗಳ ಪರ ನಿಲ್ಲುವವರೂ ಇದ್ದಾರೆ. ಆದರೆ ಬಿಲ್ಬೋನ ಬಿಲದಲ್ಲಿ ಒಳ್ಳೆಯ ಕೋಣೆಗಳೆಲ್ಲ ತೋಟದ ಕಡೆಗೆ ಕಿಟಕಿಯಿದ್ದವು!

ಡ್ವಾರ್ಫ್‌ಗಳ ಪರವಾದ ದೊಡ್ಡ ಸಾಕ್ಷ್ಯ ಟೋಲ್ಕಿನ್ನರ ‘ದಿ ಟೂ ಟವರ್ಸ್’ನಲ್ಲಿದೆ. ಹೆಲ್ಮ್ಸ್ ಡೀಪ್ ಕದನದ ಮಾರನೆಯ ದಿನ ಡ್ವಾರ್ಫ್ ಗಿಮ್ಲಿ ತಾನು ಕಂಡ ಗುಹೆಗಳನ್ನು ಲೆಗೊಲಾಸ್‌ಗೆ ಬಣ್ಣಿಸುವ ಮಾತುಗಳವು. ಸುತ್ತಿಗೆ, ಉಳಿ ಹಿಡಿದ ಒಂದೇ ಒಂದು ಡ್ವಾರ್ಫ್ ಕುಟುಂಬ ಅಲ್ಲಿಗೆ ಬಂದರೂ ಕಟ್ಟುವುದಕ್ಕಿಂತ ಕೆಡಿಸುವುದೇ ಹೆಚ್ಚಾದೀತು ಎಂದು ಲೆಗೊಲಾಸ್ ಚುಚ್ಚುತ್ತಾನೆ. ಗಿಮ್ಲಿಯ ಉತ್ತರವನ್ನು ನಿಧಾನವಾಗಿ ಓದಬೇಕು. ವಜ್ರ, ಚಿನ್ನ ಸಿಗುವುದಾದರೂ ತನ್ನ ಕುಲದವರು ಅಲ್ಲಿ ಗಣಿ ತೋಡುವುದಿಲ್ಲ, ಕಲ್ಲನ್ನು ಪೋಷಿಸುತ್ತಾರೆ ಎನ್ನುತ್ತಾನೆ. ಅಳುಕಿನಿಂದ ಮೆಲ್ಲಗೆ ತಟ್ಟಿ ತಟ್ಟಿ, ಇಡೀ ದಿನಕ್ಕೆ ಬಹುಶಃ ಒಂದೇ ಒಂದು ಚೂರು ಎಬ್ಬಿಸುವ ಕೆಲಸ ಅದು. ಅಲ್ಲಿಗೇ ನಿಲ್ಲದೆ ದೀಪಗಳ ಮಾತಿಗೂ ಬರುತ್ತಾನೆ: ಬೇಕೆನಿಸಿದಾಗ ಗುಹೆಯ ಅನಾದಿ ಇರುಳನ್ನು ಓಡಿಸುವುದು, ವಿಶ್ರಾಂತಿ ಬೇಕಾದಾಗ ಅದೇ ಇರುಳನ್ನು ಮರಳಿ ಬರಗೊಡುವುದು.

ಈ ಭಾಗವನ್ನು ಹೆಚ್ಚಿನವರು ಸೌಂದರ್ಯದ ವರ್ಣನೆಯೆಂದು ಮೆಚ್ಚಿ ಮುಂದೆ ಸಾಗುತ್ತಾರೆ. ಅದರೊಳಗೆ ಎರಡು ಗಟ್ಟಿ ತಿಳಿವಳಿಕೆಗಳಿವೆ. ಮೊದಲನೆಯದು ಬೆಳಕಿನದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಸುಮಾರು 16 ಸಲ ಸೂರ್ಯೋದಯವಾಗುತ್ತದೆ. ಅಲ್ಲಿ ನಿದ್ದೆಯ ಲಯ ಕಾಯಲು ಹಗಲನ್ನೂ ಇರುಳನ್ನೂ ದೀಪಗಳಿಂದಲೇ ಕಟ್ಟಿಕೊಳ್ಳಬೇಕು. ಗಿಮ್ಲಿ ಕೇಳುವುದೂ ಅದನ್ನೇ, ಅದೂ ಸೂರ್ಯನಿಲ್ಲವೆಂಬ ಕೊರಗಿಲ್ಲದೆ. ಎರಡನೆಯದು ಕೈಗೆ ಸಂಬಂಧಿಸಿದ್ದು. 2020ರಲ್ಲಿ ಅದೇ ನಿಲ್ದಾಣದ ಜ್ವೆಜ್ದಾ ಘಟಕದಿಂದ ಗಾಳಿ ಸೋರುತ್ತಿತ್ತು, ಬಿರುಕು ಕಣ್ಣಿಗೆ ಬೀಳುತ್ತಿರಲಿಲ್ಲ. ರಷ್ಯದ ಯಾನಿಗಳು ಚಹಾದ ಎಲೆಚೂರುಗಳನ್ನು ಗಾಳಿಯಲ್ಲಿ ತೇಲಬಿಟ್ಟು, ಅವು ಎತ್ತ ಸರಿಯುತ್ತವೆಂದು ಕ್ಯಾಮೆರಾದಲ್ಲಿ ಗಮನಿಸಿ ಸೀಳನ್ನು ಪತ್ತೆಹಚ್ಚಿದರು. ದಿನಕ್ಕೊಂದು ಚೂರು ಕಲ್ಲಿನಲ್ಲಿರುವುದೂ ಇದೇ ತಾಳ್ಮೆ. ತನ್ನನ್ನು ಸುತ್ತಿರುವ ಗೋಡೆಯನ್ನು ಪ್ರೀತಿಸುವವನಿಗೆ ಮಾತ್ರ ಅದು ಒಲಿಯುತ್ತದೆ.

ಎದುರು ಸಾಕ್ಷ್ಯವೂ ಇದೆ. ಸತ್ತವರ ಹಾದಿಯ ಬಾಗಿಲಲ್ಲಿ ಲೆಗೊಲಾಸ್ ಅಂಜದೆ ಒಳಹೊಕ್ಕರೆ, ಗಿಮ್ಲಿ ನಡುಗುತ್ತ ಹಿಂದೆ ಉಳಿಯುತ್ತಾನೆ. ಆದರೆ ಅವನನ್ನು ನಡುಗಿಸಿದ್ದು ಪ್ರೇತಗಳು, ನೆಲದಡಿಯ ಇಕ್ಕಟ್ಟಲ್ಲ.

ಇಂಥ ಚರ್ಚೆಯೇ ವ್ಯರ್ಥ ಎನ್ನುವ ವಿಮರ್ಶಕರ ಮಾತು ಮಾತ್ರ ಇಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಡಾರ್ಕೊ ಸುವಿನ್ 1979ರ ತಮ್ಮ ಗ್ರಂಥದಲ್ಲಿ ವಿಜ್ಞಾನ ಕಥನಕ್ಕೆ ಅರಿವಿನ ಬಲವಿದೆ, ಫ್ಯಾಂಟಸಿಗೆ ಅದಿಲ್ಲ ಎಂದು ಗೆರೆ ಎಳೆದರು. ಆ ಗೆರೆ ಹಲವು ದಶಕ ವಿಶ್ವವಿದ್ಯಾಲಯಗಳನ್ನು ಆಳಿತು. ಚೈನಾ ಮಿಯೆವಿಲ್ 2009ರಲ್ಲಿ ಅದನ್ನು ಪ್ರಶ್ನಿಸಿದರು: ವಿಜ್ಞಾನ ಕಥನದಲ್ಲಿ ಕಾಣುವ ಅರಿವು ಬಹುಪಾಲು ಲೇಖಕನ ಅಧಿಕಾರದ ದನಿಯಿಂದ ಹುಟ್ಟುವ ನಂಬಿಕೆ ಎಂದರು. ಮಿಯೆವಿಲ್ ಹೇಳಿದ್ದು ಸರಿ, ಆದರೆ ಅವರು ಇನ್ನೂ ಒಂದು ಹೆಜ್ಜೆ ಇಡಬೇಕಿತ್ತು. ಬೆಳಕಿಗಿಂತ ವೇಗವಾಗಿ ಹಾರುವ ನೌಕೆಯನ್ನು ಅರಿವೆಂದು ಒಪ್ಪುವ ಓದು, ಮುಚ್ಚಿದ ಜಾಗದಲ್ಲಿ ಬಾಳುವ ಬಗೆಯನ್ನು ಇಷ್ಟು ನಿಖರವಾಗಿ ಬಲ್ಲ ಗಿಮ್ಲಿಯ ಮಾತನ್ನು ಮಾಂತ್ರಿಕ ಕಥೆಯೆಂದು ಪಕ್ಕಕ್ಕಿಟ್ಟರೆ ಆ ಗೆರೆ ಯಾವ ಉಪಯೋಗಕ್ಕೆ?

ಆಟಗಳ ಲೋಕವೂ ಡ್ವಾರ್ಫ್‌ಗಳನ್ನು ಅಸಡ್ಡೆಯಿಂದಲೇ ಕಂಡಿತು. 1987ರ ‘ವಾರ್‌ಹ್ಯಾಮರ್ 40,000’ದಲ್ಲಿ ಸ್ಕ್ವಾಟ್ಸ್ ಹೆಸರಿನಲ್ಲಿ ಅವರಿದ್ದರು. ತೊಂಬತ್ತರ ದಶಕದಲ್ಲಿ ಕೈಬಿಟ್ಟರು, ಟಿರನಿಡ್‌ಗಳು ಎಂಬ ಜೀವಿಗಳು ತಿಂದುಹಾಕಿದವು ಎಂದು ಕಥೆಯನ್ನೂ ಸೇರಿಸಿದರು. ‘ಲೀಗ್ಸ್ ಆಫ್ ವೋಟಾನ್’ ಆಗಿ ಮರಳಲು 2022 ಬರಬೇಕಾಯಿತು. ಎಲ್ಫ್‌ಗಳು ಅಲ್ಲಿ ಒಮ್ಮೆಯೂ ಕಾಣೆಯಾಗಲಿಲ್ಲ. ‘ಸ್ಪೆಲ್‌ಜ್ಯಾಮರ್’ನಲ್ಲಿ ಡ್ವಾರ್ಫ್ ಕೋಟೆಯನ್ನು ನಡೆಸುವುದು ಕುಲುಮೆ; ಕಮ್ಮಾರರು ದುಡಿಯುತ್ತಿದ್ದರೆ ನೌಕೆ ಚಲಿಸುತ್ತದೆ. ಇಡೀ ಆಟದಲ್ಲೇ ಒಳ್ಳೆಯ ಕಲ್ಪನೆ ಇದು, ಆದರೂ ಹೆಚ್ಚಿನವರಿಗೆ ನೆನಪಿರುವುದು ಚಿಟ್ಟೆರೆಕ್ಕೆಗಳೇ.

ಎಲ್ಫ್ ಪಕ್ಷದವರ ಕೊನೆಯ ಅಸ್ತ್ರ ಟೋಲ್ಕಿನ್ನರ ಅನುಬಂಧದಲ್ಲಿದೆ: ಲೆಗೊಲಾಸ್ ಹಡಗು ಕಟ್ಟಿ ಕಡಲಾಚೆಗೆ ಹೊರಟಾಗ ಗಿಮ್ಲಿ ಜೊತೆಗೆ ಹೋದವನಷ್ಟೆ. ಅದು ನಿಜ. ಆದರೆ ಲೆಗೊಲಾಸ್ ಕಟ್ಟಿದ್ದು ಒಂದೇ ಸಲದ, ಮರಳದ ಪಯಣಕ್ಕೆ. ಗಿಮ್ಲಿ ಅದಕ್ಕೂ ಮೊದಲು ತನ್ನ ಜನರನ್ನು ಕರೆತಂದು ಆ ಗುಹೆಗಳಲ್ಲಿ ನೆಲೆಗೊಳಿಸಿ, ಅವುಗಳ ಒಡೆಯನಾಗಿ ಬಾಳಿದ್ದ.