ಮೌಖಿಕ ಕಾವ್ಯ ಮತ್ತು ರಂಗಸ್ಥಳ: ಪುಣೆಯ ಎರಡು ನಿದರ್ಶನಗಳು

ಮೌಖಿಕ ಕಾವ್ಯವನ್ನು ರಂಗಕ್ಕೆ ತರುವ ಪ್ರಯತ್ನಗಳನ್ನು ವಿವೇಚಿಸುವಾಗ ಪಾಠ ಮೂಲದ್ದೇ, ವೇಷ ಶುದ್ಧವೇ, ವಾದ್ಯ ಹಳೆಯದೇ ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಮುಂದೆ ಬರುತ್ತವೆ. ಇವು ಮುಖ್ಯವಾದವುಗಳಾದರೂ ಮೊದಲಿನವಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಹಾಡಿಗೆ ಮರುದನಿ ಕೊಡುತ್ತಿದ್ದವರು ಯಾರು, ರಂಗದ ಮೇಲೆ ಅವರ ಸ್ಥಾನವೇನು ಎಂಬುದೇ ಮೊದಲ ಪ್ರಶ್ನೆ. ಕನ್ನಡದ ಗೀಗೀ ಪದ ಮತ್ತು ಬೀಸುವ ಪದಗಳಿಗೆ ಒಡಹುಟ್ಟಿದಂತಿರುವ ಪುಣೆಯ ಎರಡು ಪರಂಪರೆಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯದು ಶಾಹಿರಿ. ಪೇಶ್ವೆಗಳ ಕಾಲದಲ್ಲಿ ಸೊಲ್ಲಾಪುರದ ರಾಮ ಜೋಶಿ (1762–1812), ಹೊನಾಜಿ ಮೊದಲಾದವರಿಂದ ಬೆಳೆದ ಲಾವಣಿಯು ಡಫ್ ಮತ್ತು ತುಣತುಣೆಗಳ ಜೊತೆಗೆ ಹಿಮ್ಮೇಳದ ‘ಜೀ ಜೀ’ಕಾರವನ್ನೂ ಅವಲಂಬಿಸಿದೆ. ಉತ್ತರ ಕರ್ನಾಟಕದ ದಪ್ಪು, ತುಂತುಣಿ, ‘ಗೀಗೀ’ಕಾರಗಳನ್ನು ಬಲ್ಲವರಿಗೆ ಇದರ ನಂಟನ್ನು ವಿವರಿಸಬೇಕಾಗಿಲ್ಲ. ಕಲ್ಗಿ-ತುರಾಯಿ ಪಂಥಗಳ ವಾದವಂತೂ ಎರಡು ಭಾಷೆಗಳ ಸಮಾನ ಸ್ವತ್ತು. ಒಂದು ಮೇಳ ಸವಾಲು ಹಾಕುತ್ತದೆ, ಎದುರಿನ ಮೇಳ ಉತ್ತರಿಸುತ್ತದೆ, ಸಭೆ ತೂಗಿ ನೋಡುತ್ತದೆ. ಹೀಗೆ ರಂಗವು ಈ ಕಾವ್ಯಪ್ರಕಾರದೊಳಗೇ ಅಡಗಿದೆ. ಆದುದರಿಂದಲೇ 1940ರ ದಶಕದಲ್ಲಿ ಅಣ್ಣಾಭಾವು ಸಾಠೆ, ಅಮರ ಶೇಖ ಮೊದಲಾದವರು ಇದನ್ನು ಕಾರ್ಮಿಕರ ಸಭೆಗಳಿಗೆ ಒಯ್ದಾಗ ವಸ್ತು ಹೊಸದಾಯಿತೇ ಹೊರತು ರೂಪ ಮುರಿಯಲಿಲ್ಲ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ನಮ್ಮ ಗೀಗೀ ಮೇಳಗಳೂ ಇದನ್ನೇ ಸಾಧಿಸಿದ್ದವು.

1972ರ ಡಿಸೆಂಬರಿನಲ್ಲಿ ಪುಣೆಯ ಭರತ ನಾಟ್ಯ ಮಂದಿರದಲ್ಲಿ ಪ್ರದರ್ಶಿತವಾದ ವಿಜಯ ತೆಂಡುಲ್ಕರರ ‘ಘಾಶೀರಾಮ ಕೋತವಾಲ’ವನ್ನು ಈ ಪರಂಪರೆಯ ಪುನರುಜ್ಜೀವನವೆಂದು ವರ್ಣಿಸುವ ರೂಢಿಯಿದೆ. ಜಬ್ಬಾರ ಪಟೇಲರ ನಿರ್ದೇಶನ, ಭಾಸ್ಕರ ಚಂದಾವರಕರರ ಸಂಗೀತ, ಹಾಡುತ್ತ ಕುಣಿಯುತ್ತ ಕಥೆಯನ್ನು ಮುಚ್ಚಿಯೂ ತೆರೆದೂ ತೋರುವ ಮಾನವ ಗೋಡೆ, ಇವುಗಳ ಶಕ್ತಿ ನಿರ್ವಿವಾದ. ಅದೇ ವರ್ಷ ರಂಗಕ್ಕೆ ಬಂದ ಕಂಬಾರರ ‘ಜೋಕುಮಾರಸ್ವಾಮಿ’ಯೊಡನೆ ಅದನ್ನು ಹೋಲಿಸುವುದು ಸಹಜವೇ. ಆದರೆ ಈ ಕೃತಿಗಳು ಜನಪದದಿಂದ ಪಡೆದದ್ದು ಮುಖ್ಯವಾಗಿ ವಿಧಾನವನ್ನು. ಹಿಮ್ಮೇಳ ಉಳಿಯಿತು; ಆಶುಕವಿತ್ವ ಉಳಿಯಲಿಲ್ಲ. ಬರೆದಿಟ್ಟ ಪಾಠದಲ್ಲಿ ನಿನ್ನೆಯ ಸವಾಲಿಗೆ ಇಂದು ಬೇರೆ ಉತ್ತರ ಹುಟ್ಟುವುದಿಲ್ಲ. ‘ಘಾಶೀರಾಮ’ನಿಗೆ ಪುಣೆಯ ಸಭಿಕರು ಉತ್ತರ ಕೊಟ್ಟದ್ದುಂಟು. ಆದರೆ ಅದು ರಂಗಮಂದಿರದ ಹೊರಗೆ, ಪ್ರತಿಭಟನೆಯ ರೂಪದಲ್ಲಿ. ಇದು ನಾಟಕದ ದೋಷವಲ್ಲ. ಅದನ್ನು ಮೌಖಿಕ ಕಾವ್ಯದ ರಕ್ಷಣೆಯೆಂದು ಎಣಿಸುವ ವಿಮರ್ಶೆಯ ದೋಷ.

ಎರಡನೆಯ ನಿದರ್ಶನ ಬೀಸುಕಲ್ಲಿನ ಓವಿ. ಪುಣೆಯಲ್ಲಿ ನೆಲೆಸಿದ್ದ ಗೀ ಪ್ವಾತ್ವ್ಯಾ ಮತ್ತು ಹೇಮಾ ರಾಯರ್ಕರ್ ಅವರು 1980ರ ದಶಕದಿಂದ ಮುಳಶಿ ಮೊದಲಾದ ತಾಲೂಕುಗಳಲ್ಲಿ, ಮುಂದೆ ಇತರ ಜಿಲ್ಲೆಗಳಲ್ಲಿ, ಸಹಕಾರಿಗಳೊಡನೆ ಕೂಡಿ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳನ್ನು ಸಂಗ್ರಹಿಸಿದರು. 2017ರಿಂದ ಪರಿ ಸಂಸ್ಥೆ ಅವುಗಳನ್ನು ಧ್ವನಿಸಹಿತ ಪ್ರಕಟಿಸುತ್ತ ಬಂದಿದೆ. 1931ರಲ್ಲಿ ‘ಗರತಿಯ ಹಾಡು’ ಹೊರತಂದ ಹಲಸಂಗಿ ಗೆಳೆಯರ ಶ್ರಮವನ್ನು ಇದು ನೆನಪಿಗೆ ತರುತ್ತದೆ. ನಮ್ಮದು ತ್ರಿಪದಿ, ಅವರದು ಹೆಚ್ಚಾಗಿ ಎರಡು ಸಾಲಿನ ಪದ್ಯ. ಮುದ್ರಣದಲ್ಲಿ ಪುಟ್ಟದಾಗಿ ಕಾಣುವ ಈ ಪದ್ಯ ಹಾಡಿಕೆಯಲ್ಲಿ ಪುನರಾವರ್ತನೆ, ಸಂಬೋಧನೆಗಳಿಂದ ಬಹುವಾಗಿ ಹಿಗ್ಗುತ್ತದೆ. ಆ ಹಿಗ್ಗಿಗೆ ಕಾರಣ ಕಲ್ಲಿನ ಸುತ್ತು ಮತ್ತು ಎದುರು ಕುಳಿತು ಗೂಟ ಹಿಡಿದ ಇನ್ನೊಬ್ಬಳ ದನಿ.

ಇಲ್ಲಿ ಸಭೆಯೆಂಬುದೇ ಇಲ್ಲ. ತವರು, ಸೀತೆ, ಕುಡುಕ ಗಂಡ, ಅಂಬೇಡ್ಕರರು, ಇವೆಲ್ಲವನ್ನೂ ಕುರಿತ ಮಾತು ಕಲ್ಲಿಗೆ ಮತ್ತು ಸಂಗಾತಿಗೆ ಮಾತ್ರ ಹೇಳಿದ್ದು. ಗಂಡಸರು ಕೇಳಲೆಂದು ಹಾಡದ ಹಾಡನ್ನು ದೀಪದ ಬೆಳಕಿನಲ್ಲಿ, ಬರಿಯ ಬೀಸುಕಲ್ಲನ್ನು ಸುತ್ತಿಸುತ್ತ, ವೃತ್ತಿಗಾಯಕಿಯರಿಂದ ಹಾಡಿಸಿದಾಗ ಉಳಿಯುವುದು ರಾಗ; ಹೋಗುವುದು ಆಪ್ತತೆಯೊಳಗಿನ ಆಪಾದನೆ. ದುಃಖದ ದೂರು ಕಣ್ಣಿಗೆ ಹಬ್ಬವಾಗಿ ಮಾರ್ಪಡುವ ಅಪಾಯ ಇಲ್ಲಿದೆ.

ಈ ಸಮಸ್ಯೆ ನಮ್ಮದಷ್ಟೇ ಅಲ್ಲ. ಜಾರ್ಜಿಯಾ ದೇಶದಲ್ಲಿ ಔತಣದ ಪಂಕ್ತಿಯಲ್ಲಿ ಕುಳಿತವರೇ ಕೂಡಿ ಹಾಡುವ ಬಹುಸ್ವರ ಗಾಯನವನ್ನು 1968ರಲ್ಲಿ ಸ್ಥಾಪಿತವಾದ ರುಸ್ತಾವಿ ತಂಡದಂಥವು ಜಗತ್ತಿನ ವೇದಿಕೆಗಳಿಗೆ ಒಯ್ದವು. ಯುನೆಸ್ಕೋ ಅದನ್ನು 2001ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು. ವೇದಿಕೆಯಿಂದ ಕೀರ್ತಿ ಬಂದಿತು. ಆದರೆ ಪಂಕ್ತಿಯಲ್ಲಿ ದನಿಗೂಡಿಸಬೇಕಾದವನು ಆಸನದಲ್ಲಿ ಕುಳಿತು ಚಪ್ಪಾಳೆ ತಟ್ಟುವವನಾದನು.

ಹಾಗೆಂದು ಓವಿಗೆ ರಂಗವೇ ಬೇಡವೆಂದು ನಾವು ಹೇಳುವುದಿಲ್ಲ. ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿದೆ. ಹಾಡಿಗೆ ಬೇರೊಂದು ನೆಲೆ ಬೇಕೇ ಬೇಕು. ಆದರೆ ಆ ನೆಲೆ ಸಣ್ಣದಾಗಿರಲಿ, ಹಾಡಿದವಳ ಹೆಸರು ಅಲ್ಲಿ ಕೇಳಿಬರಲಿ, ಎರಡನೆಯ ದನಿಗೆ ಸಭೆಯ ಹೆಣ್ಣುಮಕ್ಕಳಿಗೂ ಎಡೆಯಿರಲಿ. ಉತ್ಸವಗಳಲ್ಲಿ ಗೀಗೀ ಮೇಳಕ್ಕೆ ಹತ್ತು ನಿಮಿಷ ಗೊತ್ತುಮಾಡುವ ನಮ್ಮ ಸಂಘಟಕರೂ ಎದುರುಮೇಳಕ್ಕೆ ಅವಕಾಶವಿದೆಯೇ ಎಂದು ಕೇಳಿಕೊಳ್ಳಬೇಕು. ಉತ್ತರ ಕೊಡುವವರಿಲ್ಲದ ಕಡೆ ಉಳಿಯುವುದು ಹಾಡಿನ ಮಾದರಿ ಮಾತ್ರ.