ಕರ್ವಾಲೊದ ಓತಿ, ಘಟ್ಟದ ಕೆಳಗಿನ ತೋಟ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾದಂದಿನಿಂದ ಅದರ ಕುರಿತ ಚರ್ಚೆ ಬಹುಮಟ್ಟಿಗೆ ಮಂದಣ್ಣ, ಕರಿಯಪ್ಪ, ಪ್ರಭಾಕರ ಮತ್ತು ವಿಜ್ಞಾನಿ ಕರ್ವಾಲೊ ಎಂಬ ಮನುಷ್ಯರ ಸುತ್ತಲೇ ನಡೆದಿದ್ದು, ಇವರೆಲ್ಲ ಯಾವುದರ ಬೆನ್ನು ಹತ್ತಿ ಕಾಡು ಹೊಕ್ಕರೋ ಆ ಹಾರುವ ಓತಿಯನ್ನು ಒಂದು ಸಂಕೇತವೆಂದು ಹೇಳಿ ಮುಂದೆ ಸಾಗುವುದೇ ರೂಢಿಯಾಗಿದೆ. ಸಂಕೇತವೆಂಬುದು ಸುಳ್ಳಲ್ಲ; ಆದರೆ ವಿಜ್ಞಾನಿಯೊಬ್ಬನನ್ನೇ ನಾಯಕನ ಸ್ಥಾನದಲ್ಲಿ ಕೂರಿಸಿದ ಕೃತಿಯನ್ನು ಅದು ವರ್ಣಿಸುವ ಪ್ರಾಣಿಯ ಕಡೆಯಿಂದಲೂ ಒಮ್ಮೆ ಪರೀಕ್ಷಿಸಿ ನೋಡುವುದು ನ್ಯಾಯ. ಆ ಪರೀಕ್ಷೆಗೆ ಕಥೆ ನಡೆಯುವ ಮೂಡಿಗೆರೆಗಿಂತ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಬೆಳ್ತಂಗಡಿ, ಅದರ ಆಚೆಯ ಬಂಟ್ವಾಳ ಮತ್ತು ಮೂಡುಬಿದಿರೆಗಳ ಕಂಗಿನ ತೋಟಗಳೇ ಹೆಚ್ಚು ಅನುಕೂಲವಾದ ಜಾಗ.

ಕಾದಂಬರಿಯಲ್ಲಿ ಓತಿಗೆ ದೊರೆತಿರುವ ಮಹತ್ವ ಎರಡು ಆಧಾರಗಳ ಮೇಲೆ ನಿಂತಿದೆ. ಅದು ಯಾರ ಕಣ್ಣಿಗೂ ಸುಲಭವಾಗಿ ಬೀಳದಷ್ಟು ಅಪರೂಪದ್ದು ಎಂಬುದು ಮೊದಲನೆಯದು. ಲಕ್ಷಾಂತರ ವರ್ಷಗಳ ಹಿಂದಿನ ಜೀವಲೋಕದಿಂದ ಹೇಗೋ ಉಳಿದುಬಂದ ಕುರುಹು ಎಂಬುದು ಎರಡನೆಯದು. ಮೊದಲನೆಯದು ಘಟ್ಟದ ಕೆಳಗೆ ನಿಲ್ಲುವುದಿಲ್ಲ. ಹಾರುವ ಓತಿಗಳ ಕುಲಕ್ಕೆ ಲಿನೇಯಸ್ 1758ರಲ್ಲೇ ‘ಡ್ರಾಕೊ’ ಎಂದು ಹೆಸರಿಟ್ಟಿದ್ದ. ಪಶ್ಚಿಮ ಘಟ್ಟದ ಪ್ರಭೇದವನ್ನು ಡ್ಯುಮೆರಿಲ್ ಮತ್ತು ಬಿಬ್ರಾನ್ ಎಂಬ ಫ್ರೆಂಚ್ ವಿಜ್ಞಾನಿಗಳು ಡಸ್ಸುಮಿಯೆ ಎಂಬ ಸಮುದ್ರಯಾನಿಯ ಹೆಸರಿನಲ್ಲಿ ‘ಡ್ರಾಕೊ ಡಸ್ಸುಮಿಯೆರಿ’ ಎಂದು 1837ರಲ್ಲಿ ದಾಖಲಿಸಿದರು. ಹಾಗಾಗಿ ಕರ್ವಾಲೊ ಹುಡುಕಿಹೊರಟ ಜೀವಿ ವಿಜ್ಞಾನದ ಪಟ್ಟಿಗೆ ಸೇರಿ ಅಷ್ಟರಲ್ಲಾಗಲೇ 143 ವರ್ಷಗಳಾಗಿದ್ದವು. ಇನ್ನು ತೋಟದವರ ಪಾಲಿಗಂತೂ ಅದು ಕೊನೆ ಕೊಯ್ಯುವಾಗಲೋ ಕೊಳೆರೋಗಕ್ಕೆ ಮದ್ದು ಬಿಡುವಾಗಲೋ ಪಕ್ಕದ ಮರಕ್ಕೆ ತೇಲಿ ಹೋಗುವ ಪರಿಚಿತ ಪ್ರಾಣಿ. ಸಾಲಾಗಿ, ಹೆಚ್ಚು ಕೊಂಬೆರೆಂಬೆಗಳ ಅಡ್ಡಿಯಿಲ್ಲದೆ ನೆಟ್ಟಗೆ ನಿಂತ ಕಂಗುಗಳ ನಡುವೆ ತೇಲಲು ಬೇಕಾದ ತೆರಪೂ, ಆಹಾರಕ್ಕೆ ಬೇಕಾದ ಇರುವೆಗಳೂ ಇರುವುದರಿಂದ ದಟ್ಟ ಕಾಡಿನ ಈ ಜೀವಿಗೆ ತೋಟ ಒಗ್ಗಿಹೋಗಿದೆ.

ಹತ್ತಿರದಿಂದ ನೋಡಿದರೆ ಈ ಓತಿ ಬಾಲವೂ ಸೇರಿ ಸುಮಾರು ಒಂದು ಗೇಣು ಉದ್ದ. ಬೂದುಗಂದು ಮೈ ಕಲ್ಲುಹೂವು ಹಿಡಿದ ಅಡಿಕೆ ಮರದ ಕಾಂಡದ ಮೇಲೆ ಎಷ್ಟು ಬೆರೆತುಹೋಗುತ್ತದೆಂದರೆ, ಗಂಡು ತನ್ನ ಗಂಟಲಿನ ಹಳದಿ ಚೀಲವನ್ನು ಮುಂದಕ್ಕೆ ಚಾಚಿ ಮಡಚುವವರೆಗೆ ಅಲ್ಲೊಂದು ಜೀವವಿದೆ ಎಂಬುದೇ ತಿಳಿಯುವುದಿಲ್ಲ. ಇದರ ಜೀವನದ ಬಹುಭಾಗ ಕಾಂಡದ ಮೇಲೆಯೇ ಕಳೆಯುತ್ತದೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿದು ಮಣ್ಣು ಕೆದಕುತ್ತದೆ. ಇದರ ‘ರೆಕ್ಕೆ’ ಎಂದರೆ ಉದ್ದವಾಗಿ ಬೆಳೆದ ಪಕ್ಕೆಲುಬುಗಳ ನಡುವೆ ಹಬ್ಬಿದ ಚರ್ಮದ ಪೊರೆ. ಕುಳಿತಾಗ ಪಕ್ಕೆಗೆ ಮಡಚಿಕೊಂಡಿರುವ ಈ ಪೊರೆ ಜಿಗಿದ ಕೂಡಲೇ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ರೆಕ್ಕೆ ಬಡಿಯುವ ಸಾಮರ್ಥ್ಯ ಇದಕ್ಕಿಲ್ಲ. ಎತ್ತರವನ್ನು ಕಳೆದುಕೊಳ್ಳುತ್ತಾ ದೂರವನ್ನು ಗಳಿಸುವ ತೇಲುನಡೆ ಮಾತ್ರ ಇದಕ್ಕೆ ಸಾಧ್ಯ.

ಈ ತೇಲುನಡೆಯ ಒಂದು ಮುಖ್ಯ ಗುಟ್ಟು ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜರ್ಮನಿಯ ಮ್ಯಾಕ್ಸಿಮಿಲಿಯನ್ ಡೇಲಿಂಗ್ ಆಗುಂಬೆಯ ಪರಿಸರದಲ್ಲಿ ಇದೇ ಪ್ರಭೇದದ ಚಿತ್ರಗಳನ್ನು ತೆಗೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಿಗಿದ ಓತಿ ಗಾಳಿಯಲ್ಲಿರುವಾಗ ಮುಂಗಾಲುಗಳನ್ನು ಹಿಂದಕ್ಕೆ ತಂದು ಪೊರೆಯ ಮುಂದಂಚನ್ನು ಉಗುರುಗಳಿಂದ ಹಿಡಿದುಕೊಳ್ಳುತ್ತದೆ, ಮರ ಹತ್ತಿರವಾಗುವ ತನಕ ಆ ಹಿಡಿತ ಬಿಡುವುದಿಲ್ಲ. ಹೀಗೆ ಕೈ ಮತ್ತು ಪಕ್ಕೆಲುಬು ಕೂಡಿ ಒಂದೇ ರೆಕ್ಕೆಯಾಗುತ್ತವೆ. ಕೇವಲ ಪಕ್ಕೆಲುಬಿನ ಬಲದಿಂದ ಪೊರೆ ನಿಯಂತ್ರಣಗೊಳ್ಳುತ್ತದೆಂಬ ಅದುವರೆಗಿನ ಗ್ರಹಿಕೆ ಇದರಿಂದ ಬದಲಾಯಿತು. ಕಾದಂಬರಿ ಬಂದು 37 ವರ್ಷಗಳ ಬಳಿಕ, ಅದರ ಭೂಗೋಳಕ್ಕೆ ಅಷ್ಟೇನೂ ದೂರವಲ್ಲದ ಕಡೆಯಲ್ಲಿ ನಡೆದ ಈ ಶೋಧವು ಓತಿಯ ಮೇಲೆ ಕರ್ವಾಲೊ ಇಟ್ಟ ಕುತೂಹಲವನ್ನು ಸಮರ್ಥಿಸುತ್ತದೆ, ಕುತೂಹಲಕ್ಕೆ ಆತ ಕೊಟ್ಟ ಕಾರಣವನ್ನು ಸಮರ್ಥಿಸುವುದಿಲ್ಲ.

ಏಕೆಂದರೆ ಎರಡನೆಯ ಆಧಾರ, ಅಂದರೆ ಓತಿ ಗತಕಾಲದ ಕುರುಹು ಎಂಬ ನೋಟ, ಇನ್ನೂ ಹೆಚ್ಚು ತೊಡಕಿನದು. ಕಾದಂಬರಿಯ ಓದುಗರಲ್ಲಿ ಅನೇಕರು ಒಂದು ಹೆಜ್ಜೆ ಮುಂದೆ ಹೋಗಿ, ಹಾರುವ ಓತಿಯೆಂದರೆ ಸರೀಸೃಪವು ಹಕ್ಕಿಯಾಗುವ ಹಾದಿಯಲ್ಲಿ ನಡುವೆ ನಿಂತುಬಿಟ್ಟ ಜೀವಿ ಎಂದು ತಿಳಿದುಕೊಳ್ಳುವುದುಂಟು. ಆದರೆ ರೆಕ್ಕೆಗಳ ರಚನೆಯೇ ಈ ತಿಳುವಳಿಕೆಯನ್ನು ಒಪ್ಪುವುದಿಲ್ಲ. ಹಕ್ಕಿಯ ರೆಕ್ಕೆ ಮುಂಗೈ ಮತ್ತು ಮೂರು ಬೆರಳುಗಳ ಮೇಲೆ ಗರಿ ಮೂಡಿ ಆದದ್ದು. ಬಾವಲಿಯದು ಬೆರಳುಗಳ ನಡುವಿನ ಪೊರೆ. ಓತಿಯದು ಪಕ್ಕೆಲುಬಿನ ಪೊರೆ. ಬೇರೆ ಬೇರೆ ವಂಶಗಳು ಒಂದೇ ಬಗೆಯ ಅಗತ್ಯಕ್ಕೆ ತಂತಮ್ಮ ಅಂಗಗಳಿಂದ ಸ್ವತಂತ್ರವಾಗಿ ಉತ್ತರ ಕಂಡುಕೊಳ್ಳುವುದನ್ನು ಒಮ್ಮುಖ ವಿಕಾಸ ಎನ್ನುತ್ತಾರೆ. ಪಕ್ಕೆಲುಬಿನ ರೆಕ್ಕೆಯೂ ಒಮ್ಮೆ ಮಾತ್ರ ಹುಟ್ಟಿದ್ದಲ್ಲ: ಇಂಗ್ಲೆಂಡಿನಲ್ಲಿ ಸಿಕ್ಕ ಟ್ರಯಾಸಿಕ್ ಯುಗದ ಕ್ಯೂನಿಯೊಸಾರಸ್, ಚೀನಾದ ಲಿಯಾವೊನಿಂಗ್‌ನಲ್ಲಿ ಸಿಕ್ಕಿ 2007ರಲ್ಲಿ ಹೆಸರು ಪಡೆದ ಕ್ರಿಟೇಶಿಯಸ್ ಯುಗದ ಶಿಯಾಂಗ್‌ಲಾಂಗ್ ಇವೆರಡೂ ಡ್ರಾಕೊದ ನೇರ ಪೂರ್ವಜರಲ್ಲದೆಯೂ ಅದೇ ಉಪಾಯವನ್ನು ಕಂಡುಕೊಂಡಿದ್ದವು. ಈಗಿನ ಡ್ರಾಕೊ ಆ ಹಳೆಯ ಲೋಕದ ಪಳೆಯುಳಿಕೆ ಅಲ್ಲ, ಬೇಲಿಯ ಮೇಲೆ ತಲೆಯಾಡಿಸುವ ಸಾಮಾನ್ಯ ಓತಿಯ ಕುಟುಂಬಕ್ಕೇ ಸೇರಿದ, ಮರದ ಬದುಕಿಗೆ ಚೆನ್ನಾಗಿ ಪಳಗಿದ ಪ್ರಾಣಿ.

ಹಕ್ಕಿಯ ವಂಶ ಬೇರೆ ಕಡೆಯಿಂದ ಬಂದದ್ದು. ಹಲ್ಲಿ, ಓತಿ, ಹಾವುಗಳ ಶಾಖೆಯೂ ಮೊಸಳೆ, ಡೈನೊಸಾರ್‌ಗಳ ಶಾಖೆಯೂ ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾಗಿದ್ದು, ಹಕ್ಕಿಗಳು ಎರಡನೆಯ ಶಾಖೆಯ ಎರಡು ಕಾಲಿನ ಮಾಂಸಾಹಾರಿ ಡೈನೊಸಾರ್‌ಗಳ ಸಂತತಿ. ಆದ್ದರಿಂದ ಕುಂಬಳೆ ಸಮೀಪದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದು 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಬಬಿಯಾ ಎಂಬ ಮೊಸಳೆಗೆ ಹತ್ತಿರದ ನೆಂಟ ಯಾರೆಂದು ಕೇಳಿದರೆ ಓತಿಗಿಂತ ಮೊದಲು ಹೆಸರಿಸಬೇಕಾದದ್ದು ಕೋಳಿ ಅಂಕದ ಹುಂಜವನ್ನು. ಮೊಸಳೆಗೂ ಹುಂಜಕ್ಕೂ ಹೃದಯದಲ್ಲಿ ನಾಲ್ಕು ಕೋಣೆ, ಓತಿಗೆ ಮೂರು. ಬಂಟ್ವಾಳದ ಯಾವುದೇ ಮನೆಯಲ್ಲಿ ಊರಕೋಳಿಯನ್ನು ಕೊಯ್ದು ಸ್ವಚ್ಛ ಮಾಡುವಾಗ ಕಾಲಿನ ಮೇಲೆ ಸಾಲಾಗಿ ಕಾಣುವ ಹುರುಪೆ, ಎದೆಯ ಮುಂದೆ ಎರಡು ಕವಲಾಗಿ ಕೂಡಿಕೊಂಡ ಸಣ್ಣ ಎಲುಬು ಇವೆರಡೂ ಕಾದಂಬರಿಯ ಓತಿಗಿಂತ ಹೆಚ್ಚಿನ ಗತಕಾಲವನ್ನು ಹೇಳುತ್ತವೆ. ಆ ಕವಲೆಲುಬು ಟಿರಾನೊಸಾರಸ್‌ನಂಥ ಡೈನೊಸಾರ್‌ಗಳಲ್ಲೂ ಇತ್ತು, ಓತಿಯಲ್ಲಿ ಇಲ್ಲ.

ತೇಜಸ್ವಿಯವರಿಗೆ ಇದೆಲ್ಲ ತಿಳಿದಿರಬೇಕಿತ್ತೆ? ಭಾಗಶಃ ಮಾತ್ರ. ಗರಿಯ ರೆಕ್ಕೆಯೂ ಸರೀಸೃಪದ ಹಲ್ಲೂ ಒಟ್ಟಿಗಿದ್ದ, ಸುಮಾರು 15 ಕೋಟಿ ವರ್ಷ ಹಿಂದಿನ ಆರ್ಕಿಯಾಪ್ಟೆರಿಕ್ಸ್ 1861ರಿಂದಲೇ ಪರಿಚಿತವಾಗಿತ್ತು. ಆದರೆ ಮೈಮೇಲೆ ನವಿರುಗರಿಯಿದ್ದ ಡೈನೊಸಾರ್ ಸೈನೊಸಾರಾಪ್ಟೆರಿಕ್ಸ್ ಬೆಳಕಿಗೆ ಬಂದದ್ದು 1996ರಲ್ಲಿ. ಇನ್ನೊಂದು ಕಾರಣ ನೆಲದ್ದೇ ಆಗಿದೆ. ಬೆಳ್ತಂಗಡಿಯ ಗಡಾಯಿಕಲ್ಲು, ಮೂಡುಬಿದಿರೆಯ ಬಳಿಯ ಕೊಣಾಜೆ ಕಲ್ಲು ಮುಂತಾಗಿ ಈ ಭಾಗದಲ್ಲಿ ಎದ್ದು ನಿಂತ ಬಂಡೆಗಳೆಲ್ಲ ಪ್ರಾಣಿಗಳು ಹುಟ್ಟುವುದಕ್ಕೂ ಎಷ್ಟೋ ಮುಂಚಿನವು. ಅವುಗಳಲ್ಲಿ ಡೈನೊಸಾರಿನ ಎಲುಬು ಸಿಗುವಂತೆಯೇ ಇಲ್ಲ. ಇಂಥ ನೆಲದಲ್ಲಿ ವಿಕಾಸದ ಅಗಾಧ ಕಾಲವನ್ನು ಓದುಗನಿಗೆ ಮುಟ್ಟಿಸಬೇಕೆಂದಿರುವ ಲೇಖಕ ಜೀವಂತ ಪ್ರಾಣಿಯೊಂದನ್ನೇ ಕಾಲದ ಸಾಕ್ಷಿಯಾಗಿ ನಿಲ್ಲಿಸಬೇಕಾಯಿತೆಂಬುದು ಅರ್ಥವಾಗುವ ಮಾತು. ಆ ಆಯ್ಕೆ ಕಲಾದೃಷ್ಟಿಯಿಂದ ಯಶಸ್ವಿಯೇ. ಕೊನೆಯಲ್ಲಿ ಓತಿ ಪ್ರಪಾತದ ಕಡೆಗೆ ತೇಲಿಹೋಗುವ ಪ್ರಸಂಗದ ಬಲವು ಅದರ ಪ್ರಾಚೀನತೆಯನ್ನು ಅವಲಂಬಿಸಿಲ್ಲ. ಮನುಷ್ಯ ಹಿಂಬಾಲಿಸಲಾಗದ ಕಡೆಗೆ ಅದು ಹೋಯಿತೆಂಬುದನ್ನು ಅವಲಂಬಿಸಿದೆ. (ಘಟ್ಟದ ಆ ಅಂಚಿನ ಕೆಳಗೆ ಯಾರದೋ ಅಡಿಕೆ ತೋಟ ಇದ್ದಿರಬಹುದೆಂಬುದು ತಲೆಹರಟೆಯ ಮಾತಾದರೂ ಬೆಳ್ತಂಗಡಿಯ ಓದುಗನಿಗೆ ಹೊಳೆಯದೆ ಇರದು.)

ಕೃತಿಯ ವಿಜ್ಞಾನ ಗಟ್ಟಿಯಾಗಿರುವುದು ಕರ್ವಾಲೊ ಕೊಡುವ ವಿವರಣೆಗಳಲ್ಲಿ ಅಲ್ಲ, ಮಂದಣ್ಣನ ಕಣ್ಣಿನಲ್ಲಿ. ಓದುಬರಹದಲ್ಲಿ ಹಿಂದುಳಿದ ಈ ಜೇನು ಹಿಡಿಯುವವನು ಕಂಡದ್ದನ್ನು ಕಂಡಂತೆ ನೆನಪಿಟ್ಟುಕೊಳ್ಳುತ್ತಾನೆ, ಅದಕ್ಕೆ ಸಿದ್ಧಾಂತದ ಹೊರೆ ಹೇರುವುದಿಲ್ಲ. ಮುಂಗಾಲು ಪೊರೆಯನ್ನು ಹಿಡಿಯುತ್ತದೆಂಬ ಸಂಗತಿ ಇಂಥವನೊಬ್ಬನಿಗೆ ಕ್ಯಾಮೆರಾಕ್ಕಿಂತ ಮೊದಲೇ ಕಂಡಿರುವುದೂ ಅಸಂಭವವಲ್ಲ. ಈ ಬಗೆಯ ನೋಟ ಹುಟ್ಟಲು ಪ್ರಾಣಿ ಇರುವ ಎತ್ತರಕ್ಕೆ ಮನುಷ್ಯನೂ ಹೋಗಬೇಕು, ಕರಿಯಪ್ಪನಂತೆ ಮರ ಹತ್ತಬಲ್ಲವನಾಗಿರಬೇಕು. ಈಗ ಮೂರೂ ತಾಲೂಕುಗಳ ತೋಟಗಳಲ್ಲಿ ಕಂಗು ಏರುವ ಆಳುಗಳು ಸಿಗದೆ, ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊನೆ ಕೊಯ್ಯುವ, ಮದ್ದು ಬಿಡುವ ಕ್ರಮ ಹಬ್ಬುತ್ತಿದೆ. ಜೀವಾಪಾಯವಿಲ್ಲದ ಈ ಬದಲಾವಣೆಯನ್ನು ಆಕ್ಷೇಪಿಸಲು ಕಾರಣವಿಲ್ಲ. ಆದರೆ ಓತಿಯ ಪಕ್ಕದಲ್ಲೇ, ಅದೇ ಕಾಂಡವನ್ನು ತಬ್ಬಿಕೊಂಡು ಅದನ್ನು ನೋಡುತ್ತಿದ್ದವರು ಕೆಳಗಿಳಿದಿದ್ದಾರೆ.