ಕಾವೇರಿ ಮನೆಗೆ ಬಂದ ಮೇಲೆ

ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಓದಿದವರಿಗಿಂತ ಪುಟ್ಟಣ್ಣ ಕಣಗಾಲರ ಚಿತ್ರವನ್ನು ನೋಡಿದವರೇ ನಮ್ಮ ಕಡೆ ಹೆಚ್ಚು. 1971ರಲ್ಲಿ ಬಂದ ಆ ಚಿತ್ರದಲ್ಲಿ ಕಾವೇರಿಯಾದ ಕಲ್ಪನಾ ಅವರನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳದ ಹೆಣ್ಣುಮಕ್ಕಳು ಬನಹಟ್ಟಿ, ಜಮಖಂಡಿ, ಮುಧೋಳಗಳಲ್ಲಿ ಸಿಗುವುದು ಕಷ್ಟ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಎರಡನೆಯ ಬಾಣಂತನದಲ್ಲಿ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಅವಳು ಮನೆಗೆ ಬರುತ್ತಾಳೆ. ಆದರೆ ಗುಣವಾದವಳೆಂದು ಮನೆ ಅವಳನ್ನು ಒಪ್ಪಿಕೊಳ್ಳುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ ಹೋಗಿರುತ್ತದೆ. ಕೊನೆಗೆ ಅವಳು ಮತ್ತೆ ಕುಸಿಯುತ್ತಾಳೆ.

ಈಚೆಗೆ ಕಾದಂಬರಿಯನ್ನು ಇನ್ನೊಮ್ಮೆ ಓದಿದಾಗ, ಹಿಂದೆಂದೂ ಕೇಳಿಕೊಳ್ಳದ ಒಂದು ಪ್ರಶ್ನೆ ನನ್ನನ್ನು ಕಾಡಿತು. ಮನೆಗೆ ಬಂದ ಮೇಲೆ ಕಾವೇರಿ ಯಾವ ಗುಳಿಗೆ ತೆಗೆದುಕೊಳ್ಳಬೇಕಾಗಿತ್ತು? ಎಷ್ಟು ದಿನ? ಅದನ್ನು ಆರಿಸಿದವರು ಯಾರು? ಅವಳಿಗೆ ಅದರ ಬಗ್ಗೆ ಒಂದು ಮಾತು ಹೇಳಿದವರು ಯಾರು?

ಕಾದಂಬರಿಗೆ ಕೇಳುವ ಪ್ರಶ್ನೆಯೇ ಇದು ಎಂದು ಕೆಲವರು ನಗಬಹುದು. ಆದರೆ ನಮ್ಮ ಹೆಣ್ಣುಮಕ್ಕಳು ಮನಸ್ಸಿನ ಕಾಯಿಲೆಯ ಬಗ್ಗೆ ಕಲಿತದ್ದರಲ್ಲಿ ಅರ್ಧ ಈ ಕಥೆಯಿಂದ ಬಂದದ್ದು. ಪಾಠ ಹೇಳಿದ ಪುಸ್ತಕವನ್ನು ಪಾಠದ ದೃಷ್ಟಿಯಿಂದಲೂ ನೋಡಬೇಕಾಗುತ್ತದೆ.

ಮೊದಲು ಸಲ್ಲಬೇಕಾದ ಗೌರವ ಸಲ್ಲಿಸುತ್ತೇನೆ. ಅನಸೂಯಾ ಶಂಕರ್ ಎಂಬ ಹೆಸರಿನ ತ್ರಿವೇಣಿಯವರು 1928ರಲ್ಲಿ ಹುಟ್ಟಿ, 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ಅವರು, ದೆವ್ವ ಹಿಡಿದಿದೆ, ಗಾಳಿ ಸೋಕಿದೆ ಎಂದು ಬಾಣಂತಿಯನ್ನು ಮಂತ್ರವಾದಿಯ ಮುಂದೆ ಕೂರಿಸುತ್ತಿದ್ದ ಕಾಲದಲ್ಲಿ ಇದು ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ ಎಂದು ಬರೆದರು. ಮನೆಯವರ ನೋಟವೇ ಪಂಜರವಾಗುವುದನ್ನು ಅವರಷ್ಟು ಸರಿಯಾಗಿ ಕನ್ನಡದಲ್ಲಿ ಬೇರಾರೂ ಹೇಳಿಲ್ಲ.

ಔಷಧಿಯ ವಿಷಯದಲ್ಲಿ ಅವರನ್ನು ದೂರುವಂತಿಲ್ಲ. ತೀವ್ರ ಮನೋರೋಗಕ್ಕೆ ಮೊದಲ ಪರಿಣಾಮಕಾರಿ ಔಷಧಿ ಕ್ಲೋರ್‌ಪ್ರೊಮಜೀನ್ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು 1952ರಲ್ಲಿ. ಖಿನ್ನತೆಗೆ ಇಮಿಪ್ರಮೀನ್ ಬಂದದ್ದು 1957ರ ಸುಮಾರಿಗೆ, ಅಮಿಟ್ರಿಪ್ಟಿಲೀನ್ ಅದರ ಬೆನ್ನಿಗೆ. ತ್ರಿವೇಣಿಯವರು ಬರೆಯುತ್ತಿದ್ದಾಗ ಈ ವಿದ್ಯೆ ಇನ್ನೂ ಅಂಬೆಗಾಲಿಡುತ್ತಿತ್ತು. ಹಾಗಾಗಿ ಕಥೆಯ ಭಾರವೆಲ್ಲ ಮನೆಯವರ ನಡತೆಯ ಮೇಲೆ ಬಿದ್ದಿತು, ಗುಳಿಗೆಯ ಮೇಲಲ್ಲ.

ನನ್ನ ತಕರಾರಿರುವುದು ಕಥೆಯನ್ನು ನಾವು ಓದಿಕೊಂಡ ರೀತಿಯ ಬಗ್ಗೆ. ನಾವು ಅದರಿಂದ ಎರಡು ಮಾತು ಗಂಟು ಹಾಕಿಕೊಂಡೆವು. ಒಮ್ಮೆ ಬಂದ ಹುಚ್ಚು ಮತ್ತೆ ಬಂದೇ ಬರುತ್ತದೆ ಎಂಬುದು ಒಂದು. ಗಂಡ ಪ್ರೀತಿಯಿಂದ ನೋಡಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಹೆದರಿಕೆ, ಎರಡನೆಯದು ಸಿಹಿಯಾದ ಅರ್ಧ ಸತ್ಯ. ಪ್ರೀತಿ ಬೇಕು, ನಿಜ. ಸಕ್ಕರೆ ಕಾಯಿಲೆಯವಳಿಗೂ ಪ್ರೀತಿ ಬೇಕು. ಹಾಗೆಂದು ಅವಳ ಗುಳಿಗೆ ನಿಲ್ಲಿಸಿ ಬರೀ ಪ್ರೀತಿ ಕೊಡುತ್ತೇವೆಯೆ?

ಕಾವೇರಿಯದು ದೊಡ್ಡ ಕಾಯಿಲೆ. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುವಂಥದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದಂಥದು. ನಮ್ಮಲ್ಲಿ ಹೆಚ್ಚಿನವರ ಕಾಯಿಲೆ ಅಷ್ಟು ಗದ್ದಲ ಮಾಡುವುದಿಲ್ಲ. ತಲೆಶೂಲೆ, ಬಾರದ ನಿದ್ದೆ, ಎದೆಯ ಡವಡವ, ಕಾರಣವಿಲ್ಲದ ಅಳು, ಮೈಕೈ ನೋವು. ಕಂಡಿಕೆ ಸುತ್ತುವವಳಾಗಲಿ, ಕಬ್ಬಿನ ಹೊಲಕ್ಕೆ ಹೋಗುವವಳಾಗಲಿ, ಶಾಲೆಯ ಬಾಯಿಯಾಗಲಿ, 'ಮನಸ್ಸು ನೋಯತೈತಿ' ಎಂದು ದವಾಖಾನೆಗೆ ಹೋಗುವುದಿಲ್ಲ. 'ಮೈ ಅನ್ನೂದು ಹಣ್ಣಾಗೇತ್ರಿ' ಎನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಮನಸ್ಸಿನ ಏರಿಳಿತಕ್ಕೆ ಸಂಬಂಧಪಟ್ಟ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ಮೆದುಳಿನ ರಸಗಳೇ ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಗ್ಗಿಸುವ ಕೆಲಸವನ್ನೂ ಮಾಡುತ್ತವೆ. ಆದ್ದರಿಂದಲೇ ಖಿನ್ನತೆಯ ಕೆಲವು ಗುಳಿಗೆಗಳು ನೋವಿಗೂ ಆಗುತ್ತವೆ.

ಇಲ್ಲಿಯೇ ಶರಪಂಜರದ ನೆರಳು ಬೀಳುವುದು. ನನಗೆ ಗೊತ್ತಿರುವ ಒಬ್ಬ ಶಿಕ್ಷಕಿಗೆ ವರ್ಷಗಟ್ಟಲೆ ಅರೆತಲೆ ನೋವು. ವೈದ್ಯರು ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲೀನ್ ಬರೆದುಕೊಟ್ಟರು. ತಲೆನೋವು ಬರದಂತೆ ತಡೆಯಲು ಕೊಡುವ ಹಳೆಯ, ಅಗ್ಗದ ಗುಳಿಗೆ ಅದು. ಖಿನ್ನತೆಗಾದರೆ ಸಾಮಾನ್ಯವಾಗಿ ದಿನಕ್ಕೆ 75 ಮಿಲಿಗ್ರಾಂ, ಅದಕ್ಕೂ ಹೆಚ್ಚು ಬೇಕಾಗುತ್ತದೆ. ಮನೆಯ ಹುಡುಗ ಮೊಬೈಲಿನಲ್ಲಿ ಹೆಸರು ಹುಡುಕಿ, 'ಅವ್ವಾ, ಇದು ಹುಚ್ಚಿನ ಗುಳಿಗಿ' ಎಂದ. ಅತ್ತೆ ಕೇಳಿಸಿಕೊಂಡರು. ಗುಳಿಗೆ ತಿಪ್ಪೆ ಸೇರಿತು, ತಲೆನೋವು ಉಳಿಯಿತು. ಅವರಿಗೆ ಹುಚ್ಚೂ ಇರಲಿಲ್ಲ, ಖಿನ್ನತೆಯೂ ಇರಲಿಲ್ಲ. ಆದರೂ ಎರಡು ತಿಂಗಳು ಮನೆಯಲ್ಲಿ ಅವರನ್ನು ಕಾವೇರಿಯನ್ನು ನೋಡಿದ ಹಾಗೆಯೇ ನೋಡಿದರು. ಈ ಗುಳಿಗೆ ಯಾಕೆ ಎಂದು ಎರಡೇ ಎರಡು ಮಾತು ಆ ವೈದ್ಯರು ಹೇಳಿದ್ದರೆ ಸಾಕಿತ್ತು.

ಆ ಎರಡು ಮಾತು ಏನಿರಬೇಕು? ನಾನು ವೈದ್ಯಳಲ್ಲ. ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಇಡುತ್ತೇನೆ. ಇದನ್ನು ಓದಿ ಯಾರೂ ತಮ್ಮ ಗುಳಿಗೆ ಬದಲಿಸಿಕೊಳ್ಳಬೇಡಿ. ಕೇಳಬೇಕಾದ್ದನ್ನು ಕೇಳಲು ಬಳಸಿಕೊಳ್ಳಿ.

ನಮ್ಮ ಮಾತಿನಲ್ಲಿ ಮನಸ್ಸಿಗೆ ಸಂಬಂಧಿಸಿದ ಗುಳಿಗೆಗಳೆಲ್ಲ 'ನಿದ್ದಿ ಗುಳಿಗಿ'. ಇದು ದೊಡ್ಡ ಗೊಂದಲ. ಆಲ್ಪ್ರಜೋಲಾಂನಂಥವು ಗಂಟೆಯೊಳಗೆ ಎದೆಬಡಿತ ಇಳಿಸುತ್ತವೆ, ನಿದ್ದೆ ತರುತ್ತವೆ. ಅದಕ್ಕೇ ಅವು ನಮಗೆ ಪ್ರಿಯ. ಆದರೆ ಕೆಲವೇ ವಾರಗಳಲ್ಲಿ ಚಟವಾಗುವ ಗುಣ ಅವಕ್ಕಿದೆ. ಚೀಟಿಯಿಲ್ಲದೆ ಅದನ್ನು ಮಾರಬಾರದು, ಕೊಟ್ಟದ್ದಕ್ಕೆ ಲೆಕ್ಕ ಇಡಬೇಕು ಎಂಬ ಕಾನೂನು 2014ರಿಂದ ಇದೆ. ಆದರೂ ಅದನ್ನು ಚಾಕಲೇಟಿನ ಹಾಗೆ ಕೊಡುವ ಅಂಗಡಿಗಳುಂಟು, ಅಕ್ಕಪಕ್ಕದವರಿಗೆ ಹಂಚುವ ಅಕ್ಕಂದಿರೂ ಉಂಟು. ಎಸ್ಸಿಟಾಲೋಪ್ರಾಮ್, ಸರ್ಟ್ರಲೀನ್, ಫ್ಲುಆಕ್ಸೆಟೀನ್‌ಗಳ ಸ್ವಭಾವ ಬೇರೆ. ಖಿನ್ನತೆಗೂ ಆತಂಕಕ್ಕೂ ಈಗ ಸಾಮಾನ್ಯವಾಗಿ ಇವನ್ನೇ ಮೊದಲು ಕೊಡುತ್ತಾರೆ. ಇವು ಚಟ ಹಿಡಿಸುವುದಿಲ್ಲ. ಆದರೆ ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮೊದಲ ವಾರದಲ್ಲೇ ಶುರು. ಕಷ್ಟ ಮೊದಲು, ಸುಖ ಆಮೇಲೆ. ಇದನ್ನು ಯಾರೂ ಹೇಳದಿದ್ದರೆ ಎಂಟನೆಯ ದಿನಕ್ಕೆ ಗುಳಿಗೆ ನಿಲ್ಲುತ್ತದೆ. ಗುಣ ಕಂಡ ಮೇಲೂ ಆರೇಳು ತಿಂಗಳಾದರೂ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸಬೇಕು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಳಮಳ ಬರುತ್ತದೆ. ಅದನ್ನೇ ಚಟವೆಂದು ತಿಳಿದು ಹೆದರುವವರಿದ್ದಾರೆ.

ನೋವಿನ ಜೊತೆಗಿದ್ದರೆ ಆಯ್ಕೆ ಬದಲಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವಳಿಗೆ ಖಿನ್ನತೆಯೂ ಇದ್ದರೆ ಡುಲಾಕ್ಸೆಟೀನ್ ಎರಡಕ್ಕೂ ಆಗಬಹುದು. ಆದರೆ ರಕ್ತದೊತ್ತಡ, ಯಕೃತ್ತು ನೋಡಿಕೊಳ್ಳಬೇಕು. ಅಮಿಟ್ರಿಪ್ಟಿಲೀನ್ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ತೂಕ ಏರಿಸುತ್ತದೆ. ಹೃದಯದ ತೊಂದರೆ, ಗ್ಲಾಕೋಮಾ ಇದ್ದವರು ಮೊದಲೇ ಹೇಳಬೇಕು. ಸೊಂಟನೋವಿಗೆಂದು ಟ್ರಮಡಾಲ್ ನುಂಗುವವರು ಖಿನ್ನತೆಯ ಗುಳಿಗೆಯನ್ನೂ ಸೇರಿಸಿದರೆ ಅಪಾಯವಾಗಬಹುದು. ಡೈಕ್ಲೋಫಿನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚು. ಅದಕ್ಕೇ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಸುರುವಬೇಕು.

ಹರೆಯದ ಹೆಣ್ಣುಮಕ್ಕಳ ತಾಯಂದಿರು ಒಂದು ಹೆಸರು ನೆನಪಿಟ್ಟುಕೊಳ್ಳಿ: ವಾಲ್‌ಪ್ರೊಯೇಟ್. ಮೂರ್ಛೆರೋಗಕ್ಕೂ, ಮನಸ್ಸಿನ ಅತಿ ಏರಿಳಿತಕ್ಕೂ, ಅರೆತಲೆ ನೋವಿಗೂ ಕೊಡುತ್ತಾರೆ. ಗರ್ಭದ ಶಿಶುವಿಗೆ ಅಂಗದೋಷ, ಬುದ್ಧಿದೋಷ ತರಬಲ್ಲ ಔಷಧಿ ಅದು. 'ಈಕೆಗೆ ಮದುವೆಯಾಗುವುದಿದೆ, ಬೇರೆ ಇದೆಯೆ?' ಎಂದು ಕೇಳಲು ನಾಚಿಕೆ ಬೇಡ. ಆದರೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮೂರ್ಛೆ ಮರುಕಳಿಸೀತು. ಬಾಣಂತಿಯಾದರೆ, ಎದೆಹಾಲಿಗೆ ತೀರ ಕಡಿಮೆ ಸೇರುವ ಸರ್ಟ್ರಲೀನ್‌ನಂಥವು ಇವೆ. ಗುಳಿಗೆ ಎಂದೊಡನೆ ಹಾಲು ಬಿಡಿಸಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ-ಮಗುವಿನ ಪ್ರತ್ಯೇಕ ವಿಭಾಗ ಆರಂಭವಾಯಿತು. ತಾಯಿ ಅಲ್ಲಿ ಮಗುವಿನ ಜೊತೆಗೇ ಇದ್ದು ಗುಣವಾಗಬಹುದು. ಕಾವೇರಿಯ ಕಾಲದಲ್ಲಿ ಅದು ಇದ್ದಿದ್ದರೆ ಎಂದು ಓದುವಾಗ ಅನಿಸದೆ ಇರಲಿಲ್ಲ.

ಈ ಮಾತುಗಳನ್ನೆಲ್ಲ ಕನ್ನಡದಲ್ಲಿ ಯಾರೂ ಬರೆದಿಲ್ಲವೆಂದಲ್ಲ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಇನ್ನೂರಕ್ಕೂ ಹೆಚ್ಚು ಪುಸ್ತಕ ಬರೆದು, 2024ರಲ್ಲಿ ಪದ್ಮಶ್ರೀ ಪಡೆದರು. ಆದರೆ ವೈದ್ಯಕೀಯ ಪುಸ್ತಕವನ್ನು ಕಾಯಿಲೆ ಬಂದವರು ಓದುತ್ತಾರೆ, ಕಾದಂಬರಿಯನ್ನು ಎಲ್ಲರೂ ಓದುತ್ತಾರೆ. ಅತ್ತೆಯ ಮನಸ್ಸು ತಿದ್ದುವ ಶಕ್ತಿ ಕಥೆಗೇ ಹೆಚ್ಚು. ನಮ್ಮ ಕಥೆಗಾರರು ಹುಚ್ಚನ್ನು ಬರೆದರು, ಕಣ್ಣೀರನ್ನು ಬರೆದರು. ದಿನಾ ರಾತ್ರಿ ಊಟವಾದ ಮೇಲೆ ಗುಳಿಗೆ ನುಂಗಿ, ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಕೆಲಸಕ್ಕೆ ಹೋಗಿ ಬರುವವಳ ಕಥೆ ಮಾತ್ರ ನನಗೆ ಎಲ್ಲೂ ಸಿಗಲಿಲ್ಲ. ಅಂಥವರು ನಮ್ಮ ನಡುವೆ ಬಹಳ ಇದ್ದಾರೆ. ಹೇಳಿಕೊಳ್ಳುವುದಿಲ್ಲ, ಅಷ್ಟೇ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಂಥ ಸಾಮಾನ್ಯ ಮನೋರೋಗಗಳಿರುವ ನೂರು ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ನಮ್ಮ ಕಡೆ ಇದಕ್ಕೆ ದೂರವೊಂದೇ ಕಾರಣವಲ್ಲ. ಚಿಮ್ಮಡದಿಂದ ಧಾರವಾಡ ನೂರು ಕಿಲೋಮೀಟರಿಗೂ ಹೆಚ್ಚು, ಆದರೆ ಬಸ್ಸಿದೆ. 'ಇಕಿನ್ನ ಧಾರವಾಡಕ್ಕ ಕಳಸಬೇಕು' ಎಂಬ ಬೈಗುಳ ಮಾತ್ರ ಬಸ್ಸಿಗಿಂತ ಮೊದಲು ಊರು ಸುತ್ತುತ್ತದೆ. ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದೆ. ಆಸ್ಪತ್ರೆ ಬದಲಾಯಿತು, ಬೈಗುಳ ಬದಲಾಗಲಿಲ್ಲ. 2022ರಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಮನೆಯಿಂದಲೇ ಫೋನು ಮಾಡಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಬಸ್ ನಿಲ್ದಾಣದಲ್ಲಿ ಯಾರ ಕಣ್ಣಿಗೂ ಬೀಳಬೇಕಿಲ್ಲ.

'ಶರಪಂಜರ'ವನ್ನು ಹೆಣ್ಣುಮಕ್ಕಳು ಓದಬೇಕು, ಮನೆಯ ಗಂಡಸರು ಕಡ್ಡಾಯವಾಗಿ ಓದಬೇಕು. ಆದರೆ ಕೊನೆಯ ಪುಟವನ್ನು ವಿಧಿಯೆಂದು ಓದಬಾರದು. ಕಾಯಿಲೆ ಮರಳುವುದಕ್ಕೆ ಮನೆ ಎಷ್ಟು ಕಾರಣವೋ ಅರ್ಧಕ್ಕೆ ನಿಂತ ಚಿಕಿತ್ಸೆಯೂ ಅಷ್ಟೇ ಕಾರಣವಾಗಬಲ್ಲದು. ಮನೆಯವರ ಮನಸ್ಸು ನಮ್ಮ ಕೈಯಲ್ಲಿಲ್ಲ. ಇದು ಏನಕ್ಕೆ, ಎಷ್ಟು ದಿನ, ಏನು ತೊಂದರೆ ಬಂದೀತು, ನನ್ನ ಬೇರೆ ಗುಳಿಗೆಗಳ ಜೊತೆ ಆಗುತ್ತದೆಯೆ ಎಂಬ ನಾಲ್ಕು ಪ್ರಶ್ನೆಗಳನ್ನು ವೈದ್ಯರ ಮುಂದೆ ಕೇಳುವುದು ನಮ್ಮ ಕೈಯಲ್ಲಿದೆ. ಕೇಳಿದವಳಿಗೆ ಗುಳಿಗೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವ ಅಗತ್ಯ ಕಡಿಮೆ.